2017ರ ಬಾಕಿಗೆ 2021ರ ಹುಟ್ಟುದಿನ: ಅಮೆರಿಕದ ಕ್ರೆಡಿಟ್ ರಿಪೋರ್ಟ್‌ನಲ್ಲಿ ತಾರೀಕು ತಿದ್ದಿದ ಕಲೆಕ್ಷನ್ ಅಕೌಂಟನ್ನು ತೆಗೆಸೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಎಂಎಸ್ ಓದುವಾಗ ತೆಗೆದುಕೊಂಡ ಕ್ರೆಡಿಟ್ ಕಾರ್ಡ್. 2017ರ ಮೇ ತಿಂಗಳ ಬಿಲ್ ಕಟ್ಟಲಿಲ್ಲ, ಆಮೇಲೂ ಕಟ್ಟಲಿಲ್ಲ, ಬೆಂಗಳೂರಿಗೆ ವಾಪಸ್ ಹೋದಿರಿ. ಈಗ ಮತ್ತೆ ಅಮೆರಿಕಕ್ಕೆ ಬಂದು ಕಾರ್ ಲೋನ್ ಕೇಳಿದರೆ ಕ್ರೆಡಿಟ್ ರಿಪೋರ್ಟ್‌ನಲ್ಲಿ, ಅಂದರೆ ನಿಮ್ಮ ಸಾಲ-ಪಾವತಿಯ ಜಾತಕದಲ್ಲಿ, ಹೆಸರೇ ಕೇಳಿರದ ಒಂದು ಕಲೆಕ್ಷನ್ ಏಜೆನ್ಸಿ (ಬಾಕಿ ವಸೂಲಿ ಮಾಡೋ ಕಂಪನಿ) ಕೂತಿದೆ. ಮೊದಲು ಬಾಕಿ ಬಿದ್ದದ್ದು 2021 ಅಂತ ಬರೆದಿದೆ, 2028ರವರೆಗೂ ಇರುತ್ತೆ ಅನ್ನುತ್ತೆ. ಅವರು ಫೋನ್ ಮಾಡಿ, "ಸದ್ಯಕ್ಕೆ 200 ಡಾಲರ್ ಕೊಡಿ, ಮಿಕ್ಕಿದ್ದು ಆಮೇಲೆ ನೋಡೋಣ" ಅಂತಿದ್ದಾರೆ. ಕೊಡಲೋ, ಜಗಳ ಆಡಲೋ ಅಂತ ಕೇಳಿದ್ದೀರಿ.

ಕೊಡಬೇಡಿ, ಈಗಲೇ ಅಂತೂ ಬೇಡ. ನಾನು ವಕೀಲನಲ್ಲ, ಇದೇ ಗುಂಡಿಗೆ ಬಿದ್ದು ಎದ್ದವನು.

ನಮ್ಮ ಅಪ್ಪಂದಿರ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ದಿನಾಂಕವನ್ನ ಜೂನ್ 1 ಅಂತ ತಾವೇ ಬರೆದುಬಿಡುತ್ತಿದ್ದರಲ್ಲ, ಎಷ್ಟೋ ಜನರಿಗೆ ಅದರಿಂದ ನಿವೃತ್ತಿ ಒಂದೆರಡು ವರ್ಷ ಮುಂದಕ್ಕೆ ಹೋಯಿತು. ಇಲ್ಲಿ ಆಗಿರೋದೂ ಅದೇ, ನಿವೃತ್ತಿ ಮುಂದಕ್ಕೆ ಹೋಗಿರೋದು ಸಾಲಕ್ಕೆ. ಇದಕ್ಕೆ ರೀ-ಏಜಿಂಗ್ ಅಂತಾರೆ. ಬೇಕಂತಲೇ ಮಾಡೋರೂ ಇದ್ದಾರೆ, ಸಾಲ ಕೈಯಿಂದ ಕೈಗೆ ಮಾರಾಟವಾಗುವಾಗ ದಾಖಲೆ ಕಳೆದುಹೋಗಿ ಖರೀದಿ ಮಾಡಿದ ದಿನವನ್ನೇ ಆ ಜಾಗದಲ್ಲಿ ತುಂಬೋರೂ ಇದ್ದಾರೆ. ಎರಡೂ ತಪ್ಪೇ.

ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟ್ ಅಂತ 1970ರ ಕಾನೂನು ಇದೆ. ಅದರ ಪ್ರಕಾರ ಇಂಥ ಬಾಕಿ ರಿಪೋರ್ಟ್‌ನಲ್ಲಿ ಇರಬಹುದಾದದ್ದು ಏಳು ವರ್ಷ. ಎಲ್ಲಿಂದ ಏಳು? ನೀವು ಕಂತು ತಪ್ಪಿಸಿ, ಮತ್ತೆ ಸರಿಮಾಡಿಕೊಳ್ಳದೇ ಹೋದಿರಲ್ಲ, ಆ ಮೊದಲ ತಪ್ಪಿನಿಂದ 180 ದಿನ ಆದಮೇಲೆ. ನಿಮ್ಮ ಲೆಕ್ಕ ಹಾಕಿ: 2017 ಮೇ, 180 ದಿನ ಸೇರಿಸಿದರೆ ನವೆಂಬರ್, ಅಲ್ಲಿಂದ ಏಳು ವರ್ಷಕ್ಕೆ 2024ರ ನವೆಂಬರ್. ಈ ರಿಪೋರ್ಟ್ ತಯಾರಿಸೋ ಕಂಪನಿಗಳು, ಅಂದರೆ ಕ್ರೆಡಿಟ್ ಬ್ಯೂರೋಗಳು, ಸಾಮಾನ್ಯವಾಗಿ ಆ 180 ದಿನವನ್ನೂ ಕಾಯದೆ ಇನ್ನೂ ಮೊದಲೇ ತೆಗೆದುಬಿಡುತ್ತವೆ. ಸಾಲ ಹತ್ತು ಕೈ ಬದಲಾದರೂ ಈ ಗಡಿಯಾರ ಮತ್ತೆ ಸೊನ್ನೆಗೆ ಬರೋದಿಲ್ಲ. ನೀವು ದುಡ್ಡು ಕಟ್ಟಿದರೂ ಬರೋದಿಲ್ಲ. ನೀವು ದೇಶ ಬಿಟ್ಟಿದ್ದಿರಿ ಅನ್ನೋ ಕಾರಣಕ್ಕೆ ನಿಲ್ಲೋದೂ ಇಲ್ಲ.

ಜಗಳಕ್ಕೆ ಇಳಿಯೋ ಮುಂಚೆ ನೋಡುತ್ತಿರೋ ತಾರೀಕು ಸರಿಯಾದದ್ದೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಬಹಳ ಜನ ಎಡವೋದು ಇಲ್ಲೇ. ಕಲೆಕ್ಷನ್ ಅಕೌಂಟ್‌ನಲ್ಲಿ 'ಡೇಟ್ ಓಪನ್ಡ್' ಅಂತ ಇರೋದು ಏಜೆನ್ಸಿ ಆ ಸಾಲವನ್ನ ಕೈಗೆ ತೆಗೆದುಕೊಂಡ ದಿನ, ಅದು 2021 ಇದ್ದರೆ ತಪ್ಪೇನಿಲ್ಲ. ನಿಮಗೆ ಬೇಕಾದದ್ದು 'ಡೇಟ್ ಆಫ್ ಫಸ್ಟ್ ಡೆಲಿಂಕ್ವೆನ್ಸಿ', ಅಂದರೆ ಮೊದಲು ಬಾಕಿ ಬಿದ್ದ ದಿನ, ಇಲ್ಲವೇ ನಮೂದು ರಿಪೋರ್ಟ್‌ನಿಂದ ಯಾವಾಗ ಬಿದ್ದುಹೋಗುತ್ತೆ ಅನ್ನೋ ಸಾಲು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಅನ್ನೋ ಮೂರು ಬ್ಯೂರೋಗಳ ರಿಪೋರ್ಟೂ ಆನ್ಯುಅಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಸಿಗುತ್ತೆ. ಫೋನಿನ ಆ್ಯಪ್ ತೋರಿಸೋ ಸ್ಕೋರ್ ನೋಡಿ ನಿರ್ಧಾರ ಮಾಡಬೇಡಿ, ಪೂರ್ತಿ ರಿಪೋರ್ಟ್ ಇಳಿಸಿಕೊಂಡು ಪಿಡಿಎಫ್ ಇಟ್ಟುಕೊಳ್ಳಿ. ಅದೇ ಸಾಲದ ಮೂಲ ಬ್ಯಾಂಕಿನ ಚಾರ್ಜ್-ಆಫ್ ನಮೂದು (ಬಾಕಿ ಬರೋದಿಲ್ಲ ಅಂತ ಬ್ಯಾಂಕು ನಷ್ಟಕ್ಕೆ ಬರೆದುಕೊಂಡದ್ದು) ಎಲ್ಲಾದರೂ ಉಳಿದಿದ್ದರೆ ಅದರ ಪಕ್ಕ ಇಟ್ಟು ನೋಡಿ. ಒಂದೇ ಸಾಲಕ್ಕೆ ಎರಡು ಹುಟ್ಟುದಿನ ಇರೋಕೆ ಸಾಧ್ಯವಿಲ್ಲವಲ್ಲ. ಇನ್ನೊಂದು ವಿಷಯ, ನೀವು ನಡುವೆ ಯಾವಾಗಲಾದರೂ ಬಾಕಿ ಪೂರ್ತಿ ಚುಕ್ತಾ ಮಾಡಿ, ಕಾರ್ಡ್ ಮತ್ತೆ ಚಾಲ್ತಿಗೆ ಬಂದು, ಮತ್ತೆ ತಪ್ಪಿಸಿದ್ದರೆ ಆ ಎರಡನೇ ತಪ್ಪಿನಿಂದಲೇ ಲೆಕ್ಕ. ಆಗ ಅವರದು ಸರಿ.

ನನ್ನ ಕಥೆ ಹೇಳಿಬಿಡುತ್ತೇನೆ. ಒಂದು ಅಂಗಡಿಯ ಕಾರ್ಡ್, 640 ಡಾಲರ್ ಚಿಲ್ಲರೆ. 2012ರ ಫೆಬ್ರವರಿಯಲ್ಲಿ ಕೆಲಸ ಹೋಯಿತು, ಕಂತು ತಪ್ಪಿತು, ಬೇಸಿಗೆಗೆ ಮೈಸೂರು ಸೇರಿದೆ. 2017ರಲ್ಲಿ ನ್ಯೂಜೆರ್ಸಿಗೆ ವಾಪಸ್. 2019ರ ನವೆಂಬರ್‌ನಲ್ಲಿ ಮನೆ ಸಾಲಕ್ಕೆ ಹೋದಾಗ ಲೋನ್ ಆಫೀಸರ್ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದರು: ಮೊದಲ ಬಾಕಿ, 2016ರ ಆಗಸ್ಟ್. ಆ ಆಗಸ್ಟ್‌ನಲ್ಲಿ ನಾನು ಕುವೆಂಪುನಗರದ ಮನೆಯಲ್ಲಿ ಕೂತು ವೀಸಾ ಇಂಟರ್ವ್ಯೂಗೆ ಕಾಗದ ಜೋಡಿಸುತ್ತಿದ್ದೆ.

ಸಿಟ್ಟಿನಲ್ಲಿ ಅವತ್ತು ರಾತ್ರಿಯೇ ಬ್ಯೂರೋ ವೆಬ್‌ಸೈಟ್‌ನಲ್ಲಿ 'ಇದು ನನ್ನ ಅಕೌಂಟ್ ಅಲ್ಲ' ಅನ್ನೋ ಗುಂಡಿ ಒತ್ತಿದೆ. ಮೂರು ವಾರಕ್ಕೆ ಉತ್ತರ ಬಂತು: ಪರಿಶೀಲಿಸಲಾಗಿದೆ, ಮಾಹಿತಿ ಸರಿಯಿದೆ. ಸರಿಯೇ ಮತ್ತೆ! ಅಕೌಂಟ್ ನನ್ನದೇ ತಾನೆ. ನೀವು ಬರೆದದ್ದನ್ನ ಬ್ಯೂರೋದವರು ಇ-ಆಸ್ಕರ್ ಅನ್ನೋ ವ್ಯವಸ್ಥೆಯಲ್ಲಿ ಒಂದು ಕೋಡ್ ಮಾಡಿ ಏಜೆನ್ಸಿಗೆ ದಾಟಿಸುತ್ತಾರೆ. ಹೆಸರು, ವಿಳಾಸ ಹೊಂದಿದರೆ ಅತ್ತ ಕಡೆಯವರು 'ಹೌದು ಇವರೇ' ಅಂತ ಒತ್ತಿ ಮುಗಿಸುತ್ತಾರೆ. ನಾನು ಕೇಳಬೇಕಿದ್ದದ್ದು ತಾರೀಕು, ಕೇಳಿದ್ದು ಗುರುತು.

ಎರಡನೇ ಸಲ ಕಾಗದ ಬರೆದೆ. ಮೊದಲು ಪಾಸ್‌ಪೋರ್ಟ್‌ನಲ್ಲಿದ್ದ ಬೆಂಗಳೂರು ಏರ್‌ಪೋರ್ಟ್ ಮುದ್ರೆಯನ್ನೂ ಲಗತ್ತಿಸೋಕೆ ಹೊರಟಿದ್ದೆ, "ನೀವು ಊರಲ್ಲಿದ್ದರೆ ಅವರಿಗೇನ್ರೀ, ಬಿಲ್ ಯಾವಾಗ ತಪ್ಪಿತು ಅನ್ನೋದು ತೋರಿಸಿ" ಅಂದಳು ಹೆಂಡತಿ. ಹಳೇ ಮೇಲ್‌ನಲ್ಲಿ 'ಪಾಸ್ಟ್ ಡ್ಯೂ' ಅಂತ ಹುಡುಕಿದರೆ 2012ರ ಮಾರ್ಚ್ ಸ್ಟೇಟ್‌ಮೆಂಟ್ ಸಿಕ್ಕಿತು, ಹಿಂದಿನ ತಿಂಗಳ ಕಂತು ಬಂದಿಲ್ಲ ಅಂತ ಕೆಂಪಕ್ಷರದಲ್ಲಿತ್ತು. ಜೊತೆಗೆ ಬ್ಯಾಂಕ್ ಖಾತೆಯಿಂದ ಕೊನೆಯ ಕಂತು ಹೋದ 2012ರ ಜನವರಿಯ ಪುಟ. ಕಾಗದದ ಸಾರ ನಾಲ್ಕೇ ಸಾಲು: ಈ ಅಕೌಂಟ್‌ನ ಮೊದಲ ಬಾಕಿ ದಿನಾಂಕ ತಪ್ಪು, ನಿಜವಾದದ್ದು 2012ರ ಫೆಬ್ರವರಿ, ದಾಖಲೆ ಲಗತ್ತಿಸಿದೆ, ಕಾನೂನಿನ ಅವಧಿ 2019ರ ಆಗಸ್ಟ್‌ಗೆ ಮುಗಿದಿರುವುದರಿಂದ ನಮೂದು ತೆಗೆದುಹಾಕಿ. ಪುರಾಣ ಬರೆಯಬೇಡಿ, ಕೆಲಸ ಹೋದದ್ದು, ಅಮ್ಮನ ಆಪರೇಷನ್ನು ಯಾವುದೂ ಬೇಡ. 'ನನ್ನ ಸಾಲ ಅಲ್ಲ' ಅಂತಲೂ ಬರೆಯಬೇಡಿ, 'ಕೊಡುತ್ತೇನೆ' ಅಂತಲೂ ಬರೆಯಬೇಡಿ.

ಸರ್ಟಿಫೈಡ್ ಮೇಲ್‌ನಲ್ಲಿ (ನಮ್ಮ ರಿಜಿಸ್ಟರ್ಡ್ ಪೋಸ್ಟ್ ಥರ), ರಿಟರ್ನ್ ರಸೀದಿ ಸಮೇತ ಕಳಿಸಿ. ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಸಹಿ ಆದ ಹಸಿರು ಕಾರ್ಡೊಂದು ಅಂಚೆಯಲ್ಲಿ ವಾಪಸ್ ಬರುತ್ತೆ. ಅಮೆರಿಕ ನನಗೆ ಇದುವರೆಗೆ ಕೊಟ್ಟಿರೋ ಗ್ರೀನ್ ಕಾರ್ಡ್ ಅದೊಂದೇ. ಬ್ಯೂರೋಗೆ ಕಾಗದ ಮುಟ್ಟಿದ ದಿನದಿಂದ 30 ದಿನದೊಳಗೆ ವಿಚಾರಣೆ ಮುಗಿಯಬೇಕು, ಕೆಲವು ಸಂದರ್ಭಗಳಲ್ಲಿ 45. ಮುಗಿದ ಐದು ಕೆಲಸದ ದಿನಗಳೊಳಗೆ ಫಲಿತಾಂಶ ತಿಳಿಸಬೇಕು. ನನ್ನದು 26ನೇ ದಿನ ಅಳಿಸಿಹೋಗಿತ್ತು.

ಏಜೆನ್ಸಿಗೂ ಒಂದು ಪ್ರತಿ ಕಳಿಸಿ, ಆದರೆ ಬ್ಯೂರೋಗೆ ಕಳಿಸೋದನ್ನ ಮಾತ್ರ ಬಿಡಬೇಡಿ. ಇದರ ಹಿಂದೆ ಒಂದು ಸೂಕ್ಷ್ಮ ಇದೆ. ಏಜೆನ್ಸಿಗೆ ನೇರ ಬರೆದು ಅವರು ಕಸದಬುಟ್ಟಿಗೆ ಹಾಕಿದರೆ, ಈ ಕಾನೂನಿನಡಿ ಅಷ್ಟಕ್ಕೇ ನೀವು ಅವರ ಮೇಲೆ ಕೇಸ್ ಹಾಕೋಕಾಗಲ್ಲ. ಬ್ಯೂರೋ ಮೂಲಕ ತಕರಾರು ಅವರಿಗೆ ತಲುಪಿ, ಆಮೇಲೂ ಸರಿಯಾಗಿ ವಿಚಾರಿಸದಿದ್ದರೆ ಹಾಕಬಹುದು. ಬೇಕಂತಲೇ ಮಾಡಿದ್ದು ಅಂತ ಸಾಬೀತಾದರೆ ನಷ್ಟ ತೋರಿಸದಿದ್ದರೂ 100ರಿಂದ 1,000 ಡಾಲರ್, ಮೇಲೆ ವಕೀಲರ ಫೀಸೂ ಅವರದೇ ತಲೆಗೆ. ಅದಕ್ಕೇ ಇಂಥ ಕೇಸುಗಳನ್ನ ಮುಂಗಡ ಕೇಳದೆ ತೆಗೆದುಕೊಳ್ಳೋ ಗ್ರಾಹಕ ವಕೀಲರು ಸಿಗುತ್ತಾರೆ. ವಿಷಯ ಗೊತ್ತಾದ ಎರಡು ವರ್ಷದೊಳಗೆ ಹೋಗಬೇಕು. ಇದೇನು ಕಾಗದದ ಮೇಲಿನ ಕಾನೂನಲ್ಲ: ಬಾಕಿ ದಿನಾಂಕ ತಪ್ಪಾಗಿ ವರದಿ ಮಾಡಿದ ಆರೋಪದ ಮೇಲೆ ಎನ್‌ಸಿಓ ಗ್ರೂಪ್ ಅನ್ನೋ ದೊಡ್ಡ ಕಲೆಕ್ಷನ್ ಕಂಪನಿ 2004ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ) ಜೊತೆ ರಾಜಿಯಾಗಿ 15 ಲಕ್ಷ ಡಾಲರ್ ದಂಡ ಕಟ್ಟೋಕೆ ಒಪ್ಪಿತು.

ಈಗ ಆ 200 ಡಾಲರ್ ವಿಷಯ. ಇಲ್ಲಿ ಎರಡು ಬೇರೆ ಬೇರೆ ಗಡಿಯಾರ ಇವೆ. ರಿಪೋರ್ಟ್‌ನದು ಒಂದು, ಕೋರ್ಟಿಗೆ ಎಳೆಯೋಕೆ ಇರೋ ಕಾಲಮಿತಿ ಇನ್ನೊಂದು. ಎರಡನೆಯದು ರಾಜ್ಯಕ್ಕೊಂದು ಥರ: ನ್ಯೂಜೆರ್ಸಿಯಲ್ಲಿ ಆರು ವರ್ಷ, ಕ್ಯಾಲಿಫೋರ್ನಿಯಾದಲ್ಲಿ ಬರಹದ ಒಪ್ಪಂದಕ್ಕೆ ನಾಲ್ಕು. ಸತ್ತುಬಿದ್ದಿರೋ ಈ ಗಡಿಯಾರಕ್ಕೆ ಕೆಲವು ರಾಜ್ಯಗಳಲ್ಲಿ ಒಂದು ಚಿಕ್ಕ ಕಂತು ಕೊಟ್ಟರೂ ಮತ್ತೆ ಜೀವ ಬರುತ್ತೆ. ನಮ್ಮಂಥವರಿಗೆ ಇನ್ನೊಂದು ಕುತ್ತು: ನೀವು ರಾಜ್ಯದ ಹೊರಗಿದ್ದ ಕಾಲವನ್ನ ಕೆಲವು ರಾಜ್ಯಗಳು ಲೆಕ್ಕಕ್ಕೇ ಹಿಡಿಯೋದಿಲ್ಲ. ಆದ್ದರಿಂದ 'ಎಂಟು ವರ್ಷ ಆಯಿತು, ಕೇಸ್ ಹಾಕೋಕಾಗಲ್ಲ' ಅಂತ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ಸುಮ್ಮನೆ ಕೂರಬೇಡಿ, ಅದೇ ವಾರ ವಕೀಲರನ್ನ ನೋಡಿ. ಫೋನಿನಲ್ಲಿ ಏನನ್ನೂ ಒಪ್ಪಿಕೊಳ್ಳದೆ "ಏನಿದ್ದರೂ ಬರೆದು ಕಳಿಸಿ" ಅಂತ ಹೇಳಿ ಇಟ್ಟುಬಿಡಿ. ಅವರ ಮೊದಲ ನೋಟೀಸು ಕೈಗೆ ಬಂದ 30 ದಿನದೊಳಗೆ ಲಿಖಿತವಾಗಿ ತಕರಾರು ಹಾಕಿ ಸಾಲದ ವಿವರ ಕೇಳಿದರೆ, ಅದನ್ನ ಕೊಡೋವರೆಗೂ ಅವರು ವಸೂಲಿ ನಿಲ್ಲಿಸಬೇಕು.

ವಾಟ್ಸಾಪ್ ಗುಂಪುಗಳಲ್ಲಿ 'ಸೆಕ್ಷನ್ 609 ಲೆಟರ್' ಅಂತ 300 ಡಾಲರ್‌ಗೆ ಮಾರೋರು ನಿಮಗೂ ಸಿಕ್ಕೇ ಸಿಗುತ್ತಾರೆ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆಕ್ಟಿನ ಆ ಸೆಕ್ಷನ್ ಹೇಳೋದು ನಿಮ್ಮ ಫೈಲ್ ನೋಡೋ ಹಕ್ಕಿನ ಬಗ್ಗೆ, ಸಾಲ ಮಾಯ ಮಾಡೋ ಮಂತ್ರ ಅಲ್ಲ. ರಿಪೋರ್ಟ್ ಸರಿಮಾಡಿಕೊಡುತ್ತೇವೆ ಅನ್ನೋ ಇಂಥ ಕ್ರೆಡಿಟ್ ರಿಪೇರಿಯವರು ಕೆಲಸ ಮುಗಿಸೋ ಮುಂಚೆ ದುಡ್ಡು ತೆಗೆದುಕೊಳ್ಳೋದನ್ನೇ ಫೆಡರಲ್ ಕಾನೂನು ನಿಷೇಧಿಸಿದೆ.

ಅಳಿಸಿದ ಮೇಲೂ ಆರೇಳು ತಿಂಗಳು ಕಣ್ಣಿಟ್ಟಿರಿ. ನನ್ನದು ನಾಲ್ಕನೇ ತಿಂಗಳಿಗೆ ಬೇರೊಂದು ಏಜೆನ್ಸಿ ಹೆಸರಲ್ಲಿ ಮತ್ತೆ ಹುಟ್ಟಿಕೊಂಡಿತು. ಅದೇ ಕಾಗದ, ಅದೇ ಲಗತ್ತು, ಮೇಲೆ ಹಿಂದಿನ ಫಲಿತಾಂಶದ ಪ್ರತಿ ಸೇರಿಸಿ ಕಳಿಸಿದೆ, ಎರಡೇ ವಾರದಲ್ಲಿ ಹೋಯಿತು.

ನಿಮ್ಮ ಹತ್ತಿರ 2017ರ ಸ್ಟೇಟ್‌ಮೆಂಟ್ ಇಲ್ಲದಿದ್ದರೆ ಮೂಲ ಬ್ಯಾಂಕಿಗೇ ಬರೆದು ಕೇಳಿ, ಅಥವಾ ಆಗ ಕಂತು ಹೋಗುತ್ತಿದ್ದ ಖಾತೆಯಲ್ಲಿ ಕೊನೆಯ ಪಾವತಿ ಯಾವುದು ಅಂತ ಹುಡುಕಿ. ಕಾಲೇಜಿನ ಮೇಲ್ ಐಡಿ ಇನ್ನೂ ತೆರೆಯುತ್ತಾ ನೋಡಿ, ಮುಚ್ಚಿಹೋಗೋ ಮುಂಚೆ. ಸಿಕ್ಕ ತಾರೀಕನ್ನ ಇಲ್ಲಿ ಹಾಕಿ, ಅಕೌಂಟ್ ನಂಬರ್ ಹಾಕಬೇಡಿ. ಕಾಗದದ ಕರಡು ನಾನು ನೋಡಿಕೊಡುತ್ತೇನೆ.