ಗಿಲಾವು ಬಳಿಯುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕಡಿಮೆ ವಿದ್ಯುತ್ತಿನಲ್ಲಿ ಹಿತವಾಗಿರುವ ಮನೆ ಕಟ್ಟಲು ಹೊರಟ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ಬಹುಪಾಲು ತೊಂದರೆ ಹುಟ್ಟುವುದು ಎರಡು ವಸ್ತುಗಳು ಕೂಡುವ ಜಾಗದಲ್ಲಿ: ಗೋಡೆಗೆ ತಾರಸಿ ಕೂಡುವಲ್ಲಿ, ಗೋಡೆಗೆ ಕಿಟಕಿಯ ಚೌಕಟ್ಟು ಕೂಡುವಲ್ಲಿ, ಸ್ಲ್ಯಾಬನ್ನು ಪೈಪು ತೂರಿಹೋಗುವಲ್ಲಿ. ಗಿಲಾವು ಬಿದ್ದ ಮೇಲೆ ಆ ಜಾಗ ಕಣ್ಣಿಗೂ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ.

ಪ್ರಶ್ನೆ: ಮೇಲ್ಮಹಡಿಯ ಸ್ಲ್ಯಾಬ್ ಈಗಷ್ಟೇ ಹಾಕಿದ್ದೇವೆ. ಇನ್ಸುಲೇಶನ್ (ಶಾಖ ತಡೆಯುವ ಪದರ) ಸ್ಲ್ಯಾಬಿನ ಮೇಲಿರಬೇಕೇ, ಕೆಳಗಿರಬೇಕೇ? ಎಷ್ಟು ದಪ್ಪ ಬೇಕು?

ಮೇಲೆಯೇ ಇರಲಿ. ಕೆಳಗೆ ಅಂಟಿಸಿದರೆ ಬಿಸಿಲಿನಲ್ಲಿ ಇಡೀ ಸ್ಲ್ಯಾಬ್ ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಗೋಡೆಯೂ ಸ್ಲ್ಯಾಬೂ ಕೂಡುವ ಗೆರೆಯುದ್ದಕ್ಕೂ ಬಿರುಕು ಬರುವುದು ಇದರಿಂದಲೇ. ಮೇಲೆ ಹಾಸಿದರೆ ಸ್ಲ್ಯಾಬ್ ನೆರಳಿನಲ್ಲಿ ಮಲಗಿದಂತೆ ಉಳಿಯುತ್ತದೆ, ಅದರ ಭಾರೀ ತೂಕ ಕೋಣೆಯ ತಾಪವನ್ನು ಹಿಡಿದಿಡುವ ಕೆಲಸಕ್ಕೆ ಒದಗುತ್ತದೆ.

ಕಾಂಕ್ರೀಟು ಶಾಖವನ್ನು ತಡೆಯುವ ವಸ್ತುವೇ ಅಲ್ಲ. 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ (ಒತ್ತಾದ ಗಟ್ಟಿ ಪಾಲಿಸ್ಟೈರೀನ್ ಫೋಮ್) ಹಲಗೆ ತಡೆಯುವಷ್ಟು ಶಾಖವನ್ನು ತಡೆಯಲು ಸುಮಾರು 2.4 ಮೀಟರ್ ದಪ್ಪದ ಕಾಂಕ್ರೀಟು ಬೇಕಾಗುತ್ತದೆ. 150 ಮಿ.ಮೀ. ಬರಿ ಸ್ಲ್ಯಾಬಿನ ಯು ಮೌಲ್ಯ, ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಮೂಲಕ ಹಾಯುವ ಶಾಖ, 3 ವ್ಯಾಟ್‌ಗೂ ತುಸು ಹೆಚ್ಚು. 50 ಮಿ.ಮೀ. ಹಲಗೆ ಹಾಸಿದರೆ ಅದು 0.55ರ ಆಸುಪಾಸಿಗೆ ಇಳಿಯುತ್ತದೆ, 100 ಮಿ.ಮೀ. ಹಾಸಿದರೆ 0.3ಕ್ಕೆ. ಮೊದಲ 50 ಮಿ.ಮೀ. ಎರಡೂವರೆ ವ್ಯಾಟ್ ಉಳಿಸಿದರೆ ಎರಡನೆಯದು ಕಾಲು ವ್ಯಾಟ್ ಉಳಿಸುತ್ತದೆ. ಬೇಸಿಗೆಯೇ ಮುಖ್ಯ ಚಿಂತೆಯಾಗಿರುವ ಕಡೆ 50ರಿಂದ 75 ಮಿ.ಮೀ. ಸಾಕು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮನೆ ಕಾಯಿಸಬೇಕಾದ ಕಡೆ ಮಾತ್ರ 200 ಮಿ.ಮೀ. ದಾಟುವುದಕ್ಕೆ ಅರ್ಥವಿದೆ.

ಕೆಲಸದ ಕ್ರಮ ಹೀಗಿರಲಿ. ಮೊದಲು 1:100ಕ್ಕೆ ಕಡಿಮೆಯಾಗದ ಇಳಿಜಾರು, ಅದರ ಮೇಲೆ ಜಲನಿರೋಧಕ ಪದರ. ಮೋರಿಬಾಯಿಗಳನ್ನು ಕಟ್ಟಿ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರೆ ಮಾತ್ರ ಮುಂದಕ್ಕೆ ಹೋಗಿ. ಆಮೇಲೆ ಹಲಗೆಗಳು: 25 ಮಿ.ಮೀ.ನ ಎರಡು ಪದರ ಹಾಸಿ, ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬಾರದಂತೆ ನೋಡಿಕೊಳ್ಳಿ. ಅದರ ಮೇಲೆ ನೀರು ಹಾಯಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ನಂತರ ತೆಳು ಜಾಲರಿ ಇಟ್ಟ 50 ಮಿ.ಮೀ. ಕಾಂಕ್ರೀಟು. ಈ ಕಾಂಕ್ರೀಟನ್ನು ಒಂದೇ ಹಾಸಾಗಿ ಸುರಿಯಬೇಡಿ. ಮೂರು ಮೀಟರಿಗೊಂದು ಸಂದು ಬಿಟ್ಟು ಸೀಲಂಟ್ ತುಂಬಿ. ಹಲಗೆಯ ಮೇಲಿನ ತೆಳು ಕಾಂಕ್ರೀಟು ಬೇಗ ಕಾಯುತ್ತದೆ, ಸಂದಿಲ್ಲದಿದ್ದರೆ ಹಿಗ್ಗಿ ಪ್ಯಾರಪೆಟ್ ಗೋಡೆಯನ್ನೇ ಹೊರಕ್ಕೆ ತಳ್ಳುತ್ತದೆ.

ಇಲ್ಲಿ ಹೆಚ್ಚಾಗಿ ತಪ್ಪುವುದು ಮೂರು ಕಡೆ. ಒಂದು, ಎಕ್ಸ್‌ಪಿಎಸ್ ಬದಲು ಬಿಳಿ ಥರ್ಮೋಕೋಲ್ ಹಾಸುವುದು. ಜಲನಿರೋಧಕದ ಮೇಲೆ ಬರುವ ಹಲಗೆ ಮಳೆಗಾಲವಿಡೀ ಒದ್ದೆಯಲ್ಲಿರುತ್ತದೆ. ಥರ್ಮೋಕೋಲ್ ನೀರು ಹೀರಿದಷ್ಟೂ ಶಾಖ ತಡೆಯುವ ಗುಣ ಕಳೆದುಕೊಳ್ಳುತ್ತದೆ. ಎರಡು, ಎತ್ತರದ ಲೆಕ್ಕ. ಹಲಗೆ, ಕಾಂಕ್ರೀಟು, ಟೈಲ್ಸ್ ಎಲ್ಲ ಸೇರಿ ತಾರಸಿ 120 ಮಿ.ಮೀ.ಗೂ ಹೆಚ್ಚು ಏರುತ್ತದೆ. ಮೆಟ್ಟಿಲಿನ ಬಾಗಿಲ ಹೊಸ್ತಿಲನ್ನು ಮೊದಲೇ ಎತ್ತರಿಸದಿದ್ದರೆ ಮಳೆನೀರು ನೇರ ಮನೆಯೊಳಗೆ ಇಳಿಯುತ್ತದೆ. ಮೋರಿಬಾಯಿ ಮೇಲ್ಮೈ ನೀರನ್ನೂ ಹಲಗೆಯಡಿ ಜಲನಿರೋಧಕದ ಮೇಲೆ ಹರಿಯುವ ನೀರನ್ನೂ ಎರಡೂ ಮಟ್ಟದಲ್ಲಿ ಹಿಡಿಯಬೇಕು. ಮೂರು, ಪ್ಯಾರಪೆಟ್ಟಿನ ಬುಡ. ಹಲಗೆ ಗೋಡೆಗೆ ತಾಗಿ ನಿಂತುಬಿಟ್ಟರೆ ಬಿಸಿಲಿಗೆ ಕಾದ ಪ್ಯಾರಪೆಟ್ ಆ ಶಾಖವನ್ನು ಸ್ಲ್ಯಾಬಿನ ಅಂಚಿಗೆ ದಾಟಿಸುತ್ತಲೇ ಇರುತ್ತದೆ. ಹಲಗೆಯನ್ನು ಪ್ಯಾರಪೆಟ್ಟಿನ ಒಳಮುಖದಲ್ಲಿ ಒಂದಡಿಯಾದರೂ ಮೇಲಕ್ಕೆ ಹತ್ತಿಸಿ.

ಪ್ರಶ್ನೆ: ಇಷ್ಟೆಲ್ಲ ಬದಲು ತಾರಸಿಗೆ ಬಿಳಿ ಬಣ್ಣ ಬಳಿದರೆ ಸಾಲದೇ?

ಸೆಕೆಯ ನಾಡಿನಲ್ಲಿ ಅದು ಒಳ್ಳೆಯ ಮೊದಲ ಹೆಜ್ಜೆ. ಬೂದು ಕಾಂಕ್ರೀಟು ಬಿಸಿಲಿನ ಸುಮಾರು ಮೂರರಲ್ಲೊಂದು ಪಾಲನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಹೊಸ ಬಿಳಿ ಲೇಪನ ನಾಲ್ಕರಲ್ಲಿ ಮೂರು ಪಾಲನ್ನು. ಆದರೆ ಧೂಳು, ಪಾಚಿ ಕೂತ ಹಾಗೆ ಆ ಲಾಭ ಕರಗುತ್ತದೆ. ಬೇಸಿಗೆಗೆ ಮುಂಚೆ ತೊಳೆಯುವ, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯುವ ಮನಸ್ಸಿದ್ದರೆ ಮಾತ್ರ ಇದನ್ನೇ ನೆಚ್ಚಿ. ಇನ್ಸುಲೇಶನ್ ಹಾಕಿದ ತಾರಸಿಯ ಮೇಲೂ ತಿಳಿ ಬಣ್ಣದ ಟೈಲ್ಸ್ ಹಾಕಿ, ಎರಡೂ ಒಂದಕ್ಕೊಂದು ಒತ್ತಾಸೆ.

ಪ್ರಶ್ನೆ: ಪಶ್ಚಿಮದ ಮಲಗುವ ಕೋಣೆ ಹಗಲಿನಲ್ಲಿ ಪರವಾಗಿಲ್ಲ, ರಾತ್ರಿ ಹತ್ತರ ಮೇಲೆ ಕಾವಲಿಯಂತೆ ಕಾಯುತ್ತದೆ. ಸೂರ್ಯ ಮುಳುಗಿದ ಮೇಲೆ ಬಿಸಿ ಎಲ್ಲಿಂದ?

ಗೋಡೆಯಿಂದ. 230 ಮಿ.ಮೀ. ಇಟ್ಟಿಗೆ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈಗೆ ತಲುಪಲು ಆರರಿಂದ ಎಂಟು ಗಂಟೆ ಬೇಕು. ಮಧ್ಯಾಹ್ನ ಮೂರೂವರೆಯ ಬಿಸಿಲು ನೀವು ಹಾಸಿಗೆ ಹಾಸುವ ಹೊತ್ತಿಗೆ ಒಳಗೆ ಬರುತ್ತದೆ. ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ಪಶ್ಚಿಮಕ್ಕೆ ಮೆಟ್ಟಿಲು, ಬಚ್ಚಲು, ಉಗ್ರಾಣ ಇಡಿ. ಇದಕ್ಕೆ ಹೆಚ್ಚುವರಿ ಖರ್ಚೇ ಇಲ್ಲ, ಫಲ ಮಾತ್ರ ಮನೆ ಇರುವವರೆಗೂ ಸಿಗುತ್ತದೆ.

ಗೋಡೆ ಎದ್ದಾಗಿದ್ದರೆ ಹೊರಮೈಗೆ ನೆರಳು ಇಲ್ಲವೇ ಇನ್ಸುಲೇಶನ್ ಕೊಡಿ. ಗೋಡೆಯ ಹೊರಗೆ ನೀರು ನಿಲ್ಲುವುದಿಲ್ಲವಾದ್ದರಿಂದ ಇಲ್ಲಿ 50 ಮಿ.ಮೀ. ಥರ್ಮೋಕೋಲ್ ಹಲಗೆ ನಡೆಯುತ್ತದೆ, ನೆಲಮಟ್ಟದ ಒಂದಡಿ ಬಿಟ್ಟು. ಅಲ್ಲಿ ಎಕ್ಸ್‌ಪಿಎಸ್ ಬೇಕು. ಅಂಟು ಹಚ್ಚುವ ರೀತಿಯನ್ನು ನಿಂತು ನೋಡಿ. ಹಲಗೆಯ ನಾಲ್ಕೂ ಅಂಚಿಗೆ ತುಂಡಾಗದ ಪಟ್ಟಿ, ನಡುವೆ ಮೂರು ಗುಪ್ಪೆ, ಒಟ್ಟು ಮೈಯ ಶೇ. 40ರಷ್ಟಾದರೂ ಅಂಟು. ಕೆಲಸಗಾರರು ಅವಸರದಲ್ಲಿ ಬರಿ ಐದು ಗುಪ್ಪೆ ಇಟ್ಟು ಒತ್ತಿಬಿಡುತ್ತಾರೆ. ಆಗ ಹಲಗೆಯ ಹಿಂದೆ ಗಾಳಿ ಚಿಮಣಿಯಂತೆ ಏರತೊಡಗಿ ಹಲಗೆ ಇದ್ದೂ ಇಲ್ಲದಂತಾಗುತ್ತದೆ. ಚದರ ಮೀಟರಿಗೆ ಆರು ಪ್ಲಾಸ್ಟಿಕ್ ಮೊಳೆ, ಮೇಲೆ ನಾರಿನ ಜಾಲರಿ, ಜಾಲರಿಯ ಪಟ್ಟಿಗಳು ಒಂದರ ಮೇಲೊಂದು 100 ಮಿ.ಮೀ. ಹಾಯಬೇಕು. ಕಿಟಕಿಯ ನಾಲ್ಕು ಮೂಲೆಗೂ ಓರೆಯಾಗಿ ಒಂದೊಂದು ಜಾಲರಿ ತುಂಡು ಹೆಚ್ಚುವರಿ ಹಾಕಿಸಿ. ಹಾಕದಿದ್ದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಪ್ರಶ್ನೆ: ಎಲ್ಲ ಕಿಟಕಿಗೂ ಎರಡಡಿ ಸಜ್ಜಾ ಇಟ್ಟಿದ್ದೇವೆ. ಸಾಕೇ? ಎರಡು ಪದರದ ಗಾಜು ಹಾಕಿಸಬೇಕೇ?

ಸಜ್ಜಾದ ಆಳವನ್ನು ಸೂರ್ಯನ ಕೋನ ಹೇಳಬೇಕು. 1.2 ಮೀಟರ್ ಎತ್ತರದ ಕಿಟಕಿಯ ಎದುರು ಸೂರ್ಯ 60 ಡಿಗ್ರಿ ಎತ್ತರದಲ್ಲಿದ್ದರೆ 70 ಸೆಂ.ಮೀ. ಸಜ್ಜಾ ಇಡೀ ಗಾಜಿಗೆ ನೆರಳು ಕೊಡುತ್ತದೆ. 45 ಡಿಗ್ರಿಗೆ ಇಳಿದರೆ 1.2 ಮೀಟರ್ ಬೇಕು, 30 ಡಿಗ್ರಿಗೆ ಎರಡು ಮೀಟರ್ ದಾಟುತ್ತದೆ. ಮಧ್ಯಾಹ್ನದ ಸೂರ್ಯನತ್ತ ಮುಖ ಮಾಡಿದ ಗೋಡೆಗೆ, ಅಂದರೆ ಉಷ್ಣವಲಯದ ಆಚೆ ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ, ಸಜ್ಜಾ ಚೆನ್ನಾಗಿ ಕೆಲಸ ಮಾಡುತ್ತದೆ. ಪೂರ್ವ, ಪಶ್ಚಿಮಕ್ಕೆ ಎಷ್ಟು ಉದ್ದ ಚಾಚಿದರೂ ಇಳಿಬಿಸಿಲು ಅದರಡಿ ನುಸುಳುತ್ತದೆ. ಅಲ್ಲಿ ಕಿಟಕಿ ಚಿಕ್ಕದಿರಲಿ, ಹೊರಗಡೆ ಲಂಬ ಪಟ್ಟಿ, ಮಡಚುವ ತಟ್ಟಿ ಅಥವಾ ಉರುಳುವ ಪರದೆ ಇರಲಿ. ಒಳಗಿನ ಪರದೆ ತಡವಾದ ಉಪಾಯ. ಗಾಜು ದಾಟಿದ ಬಿಸಿ ಆಗಲೇ ಕೋಣೆಯದಾಗಿರುತ್ತದೆ.

ಎರಡು ಪದರದ ಸಾದಾ ಗಾಜಿನ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆಯಿದೆ. ಅದು ಗಾಳಿಯ ತಾಪದಿಂದ ಹಾಯುವ ಶಾಖವನ್ನು ಅರ್ಧಕ್ಕೆ ಇಳಿಸುತ್ತದೆ, ನೇರ ಬಿಸಿಲನ್ನು ಹೆಚ್ಚು ತಡೆಯುವುದಿಲ್ಲ. ಸಾದಾ ಒಂಟಿ ಗಾಜು ಬಿಸಿಲಿನ ಶಾಖದ ಶೇ. 80ನ್ನು ಒಳಬಿಟ್ಟರೆ ಜೋಡಿ ಗಾಜು ಶೇ. 70ನ್ನು ಬಿಡುತ್ತದೆ. ಕೊಳ್ಳುವಾಗ ಸೌರ ಶಾಖ ಗುಣಾಂಕ, ಅಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಬರುವ ಪಾಲು, ಎಷ್ಟೆಂದು ಕೇಳಿ: ಸೆಕೆಯ ಕಡೆ 0.3ರ ಆಸುಪಾಸು, ಚಳಿಯ ಕಡೆ ಬಿಸಿಲಿನ ದಿಕ್ಕಿಗೆ 0.5ಕ್ಕೂ ಮೇಲೆ. ದುಡ್ಡು ಸೀಮಿತವಾಗಿದ್ದರೆ ಸೆಕೆಯ ನಾಡಿನವರು ಮೊದಲು ಹೊರ ನೆರಳಿಗೆ ಖರ್ಚು ಮಾಡಿ, ಗಾಜು ಆಮೇಲೆ.

ಪ್ರಶ್ನೆ: ಗೋಡೆಗೆ ಇನ್ಸುಲೇಶನ್ ಹಾಕಿಸಿದ ಮೇಲೂ ಮೂಲೆಗಳಲ್ಲಿ ಬೂಷ್ಟು ಬರುತ್ತಿದೆ. ಸೋರಿಕೆ ಎಲ್ಲೂ ಇಲ್ಲ.

ಆ ನೀರು ಹೊರಗಿನದಲ್ಲ, ಕೋಣೆಯ ಗಾಳಿಯದು. 20 ಡಿಗ್ರಿ ತಾಪ, ಶೇ. 60 ತೇವ ಇರುವ ಗಾಳಿ 12 ಡಿಗ್ರಿಯ ಮೈಗೆ ತಾಗಿದರೆ ಹನಿಯಾಗುತ್ತದೆ. ಬೂಷ್ಟಿಗೆ ಹನಿಯೂ ಬೇಡ; ಗೋಡೆಯ ಮೈಯಲ್ಲಿ ತೇವ ಶೇ. 80 ತಲುಪಿದರೆ ಸಾಕು, ಅದು 15 ಡಿಗ್ರಿಯ ಆಸುಪಾಸಿಗೇ ಆಗಿಬಿಡುತ್ತದೆ. ಹಲಗೆ ಮುಚ್ಚದ ತೊಲೆ, ಬಾಲ್ಕನಿ ಸ್ಲ್ಯಾಬಿನ ಅಂಚು, ಲಿಂಟೆಲ್ ಚಳಿಗಾಲದಲ್ಲಿ ಆ ಮಟ್ಟಕ್ಕೆ ತಣ್ಣಗಾಗುತ್ತವೆ. ಬೂಷ್ಟು ಬಂದ ಜಾಗದ ಹೊರಮೈ ನೋಡಿ, ಅಲ್ಲಿ ಇನ್ಸುಲೇಶನ್ ತುಂಡಾಗಿರುವ ಸಂಭವವೇ ಹೆಚ್ಚು. ಅದನ್ನು ಹೊರಗಿನಿಂದ ಮುಚ್ಚಿ. ಬಚ್ಚಲಿಗೆ ಗಂಟೆಗೆ 90 ಘನ ಮೀಟರ್ ಗಾಳಿ ಎಳೆಯುವ ಫ್ಯಾನ್ ಹಾಕಿ, ಅದರ ಕೊಳವೆ ಸೂರಿನೊಳಗೆ ಅಲ್ಲ, ಬಯಲಿಗೆ ತೆರೆಯಲಿ.

ಎ.ಸಿ. ಓಡುವ ಸೆಕೆಯ, ತೇವದ ಊರುಗಳಲ್ಲಿ ಇದೇ ಕಥೆ ತಿರುಗುಮುರುಗು. ಹೊರಗಿನ ತೇವಗಾಳಿ ಒಳಕ್ಕೆ ನುಗ್ಗಿ ತಣ್ಣನೆಯ ಒಳಗೋಡೆಗೆ ತಾಗುತ್ತದೆ. ಅಲ್ಲಿ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸಿದರೆ ಅದರ ಹಿಂದೆ ತೇವ ಸಿಕ್ಕಿಬಿದ್ದು ಕರಿ ಬೂಷ್ಟು ಹಬ್ಬುತ್ತದೆ. ಆವಿ ತಡೆಯುವ ಪದರ ಯಾವಾಗಲೂ ಬೆಚ್ಚಗಿನ ಬದಿಗೆ: ಚಳಿಯ ನಾಡಿನಲ್ಲಿ ಒಳಗೆ, ಎ.ಸಿ. ನಾಡಿನಲ್ಲಿ ಹೊರಗೆ.

ಪ್ರಶ್ನೆ: ಮನೆಗೆ ಗಾಳಿ ಬೇಕಲ್ಲ, ಗಾಳಿಯಾಡದಂತೆ ಮುಚ್ಚಿ ಎನ್ನುವುದು ಯಾಕೆ?

ಬೇಕಾದಾಗ ತೆರೆಯುವ ಕಿಟಕಿ ಬೇರೆ, ಬೇಡವಾದಾಗಲೂ ಮುಚ್ಚದ ಬಿರುಕು ಬೇರೆ. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವಾಸಕ್ಕೆ ತೆರೆದ ಮೊದಲ ಪ್ಯಾಸಿವ್ ಹೌಸ್‌ನಿಂದ (ಅತಿ ಕಡಿಮೆ ಶಕ್ತಿಯಲ್ಲಿ ಹಿತವಾಗಿರುವ ಮನೆ) ಬೆಳೆದ ಮಾನದಂಡ ಹೀಗಿದೆ: 50 ಪಾಸ್ಕಲ್ ಒತ್ತಡದಲ್ಲಿ ಗಂಟೆಗೆ ಮನೆಯ ಗಾಳಿಯ 0.6 ಪಾಲಿಗಿಂತ ಹೆಚ್ಚು ಸೋರಬಾರದು. ಜೊತೆಗೆ ತಲೆಗೆ ಗಂಟೆಗೆ 30 ಘನ ಮೀಟರ್ ಹೊಸ ಗಾಳಿಯನ್ನು ಯಂತ್ರ ಒದಗಿಸುತ್ತದೆ. ವರ್ಷದ ಹೆಚ್ಚು ದಿನ ಕಿಟಕಿ ತೆರೆದಿಡುವ ಮನೆಗೆ ಆ ಅಂಕಿಯ ಹಿಂದೆ ಓಡುವ ಅಗತ್ಯವಿಲ್ಲ. ಎ.ಸಿ. ಅಥವಾ ಹೀಟರ್ ಓಡುವ ಕೋಣೆಗಳನ್ನಂತೂ ಬಿಗಿಗೊಳಿಸಲೇಬೇಕು.

ಸೋರುವ ಜಾಗಗಳು ಎಲ್ಲ ಮನೆಯಲ್ಲೂ ಅವೇ: ವೈರಿನ ಕೊಳವೆ, ಸ್ವಿಚ್ ಪೆಟ್ಟಿಗೆಯ ಬೆನ್ನು, ಎ.ಸಿ. ಪೈಪಿನ ತೂತು, ಫಾಲ್ಸ್ ಸೀಲಿಂಗ್ ಮೇಲೆ ಗಿಲಾವು ಕಾಣದೆ ಉಳಿದ ಗೋಡೆ, ಕಿಟಕಿ ಚೌಕಟ್ಟಿನ ಸುತ್ತ. ಚೌಕಟ್ಟಿನ ಸಂದಿಗೆ ಬರಿ ಫೋಮ್ ಸಾಲದು. ಮೇಲೆ ಉಬ್ಬಿದ್ದನ್ನು ಕತ್ತರಿಸಿದ ಕೂಡಲೆ ಅದರ ರಂಧ್ರಗಳು ತೆರೆದುಕೊಳ್ಳುತ್ತವೆ. ಸಂದಿಗೆ ಫೋಮ್ ಹಗ್ಗ ತುರುಕಿ, ಮೇಲೆ ಹಿಗ್ಗಿ ಕುಗ್ಗಬಲ್ಲ ಸೀಲಂಟ್ ಎಳೆಯಿರಿ. ಫ್ಯಾನ್ ಯಂತ್ರದಿಂದ ಒತ್ತಡ ಕೊಟ್ಟು ಸೋರಿಕೆ ಅಳೆಯುವ ಪರೀಕ್ಷೆಯನ್ನು ಫಾಲ್ಸ್ ಸೀಲಿಂಗ್‌ಗೆ, ಮರಗೆಲಸಕ್ಕೆ ಮುಂಚೆ ಮಾಡಿಸಿ. ಯಂತ್ರ ಸಿಗದಿದ್ದರೆ ಗಾಳಿ ಬೀಸುವ ದಿನ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಹೊಗೆಯಾಡುವ ಕಡ್ಡಿಯನ್ನು ಸಂದಿಗಳ ಬಳಿ ಹಿಡಿಯಿರಿ. ಹೊಗೆ ಓರೆಯಾದಲ್ಲಿ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ.

ಪ್ರಶ್ನೆ: ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟು ಬ್ಲಾಕ್) ಇಟ್ಟಿಗೆಗಿಂತ ಒಳ್ಳೆಯದೇ?

ಶಾಖ ತಡೆಯುವುದರಲ್ಲಿ ಹೌದು. 200 ಮಿ.ಮೀ. ಎಎಸಿ ಗೋಡೆಯ ಯು ಮೌಲ್ಯ 0.7ರಿಂದ 0.8, ಒಂಬತ್ತಿಂಚು ಇಟ್ಟಿಗೆಯದು 2ರ ಹತ್ತಿರ. ಷರತ್ತು ಎರಡು. ಸಂದು 2–3 ಮಿ.ಮೀ. ಇರಬೇಕು, ಅದಕ್ಕೆಂದೇ ಬರುವ ಅಂಟಿನಿಂದ; ಅರ್ಧ ಇಂಚು ಸಿಮೆಂಟು ಗಾರೆ ಹಾಕಿದರೆ ಪ್ರತಿ ಸಂದೂ ಶಾಖದ ದಾರಿ. ಮಳೆಯಲ್ಲಿ ನೆನೆದ ಬ್ಲಾಕ್ ಕಟ್ಟಬೇಡಿ, ಒಣಗುತ್ತ ಕುಗ್ಗಿ ಗಿಲಾವು ಸೀಳುತ್ತದೆ.

ಪ್ರಶ್ನೆ: ಸೌರ ಫಲಕ ಎಷ್ಟು ಹಾಕಿಸಬೇಕು? ನೀರು ಕಾಯಿಸುವುದಕ್ಕೆ?

ಮೊದಲು ಬಳಕೆ ಇಳಿಸಿ, ಉಳಿದದ್ದಕ್ಕೆ ಫಲಕ. 75 ವ್ಯಾಟಿನ ಹಳೆಯ ಫ್ಯಾನ್ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಮೋಟರಿನ) ಫ್ಯಾನ್ ಹಾಕಿ. ದಿನವಿಡೀ ಸುಮ್ಮನೆ 10 ವ್ಯಾಟ್ ಎಳೆಯುವ ಒಂದು ಉಪಕರಣ ವರ್ಷಕ್ಕೆ 88 ಯೂನಿಟ್ ತಿನ್ನುತ್ತದೆ. ಫಲಕದ ಕಾಲುಗಳಿಗೆ ಕಾಂಕ್ರೀಟು ಪೀಠವನ್ನು ಜಲನಿರೋಧಕ ಪದರಕ್ಕಿಂತ ಮೊದಲೇ ಕಟ್ಟಿಸಿ, ವೈರಿಗೆ ಖಾಲಿ ಕೊಳವೆ ಇಳಿಬಿಡಿ. ನೀರಿನ ಟ್ಯಾಂಕಿನ ನೆರಳು ಒಂದು ಫಲಕದ ಮೂಲೆಗೆ ಬಿದ್ದರೂ ಅದರೊಂದಿಗೆ ಸಾಲಾಗಿ ಜೋಡಿಸಿದ ಫಲಕಗಳ ಒಟ್ಟು ಉತ್ಪಾದನೆಯಲ್ಲಿ ನಷ್ಟವಾಗುತ್ತದೆ, ಹಾಗಾಗಿ ಟ್ಯಾಂಕಿನ ಜಾಗವನ್ನು ಫಲಕದ ಜೊತೆಗೇ ನಿರ್ಧರಿಸಿ.

100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಮೂರೂವರೆ ಯೂನಿಟ್ ಬೇಕು. ಇದನ್ನು ಸೂರ್ಯನಿಂದ ಪಡೆದರೂ ಪೈಪು ಹಾಳುಮಾಡಬಲ್ಲದು. ಒಳವ್ಯಾಸ 20 ಮಿ.ಮೀ. ಇರುವ ಹತ್ತು ಮೀಟರ್ ಪೈಪಿನಲ್ಲಿ ಮೂರು ಲೀಟರಿಗೂ ಹೆಚ್ಚು ನೀರು ನಿಂತು ತಣ್ಣಗಾಗುತ್ತದೆ, ಪ್ರತಿ ಸಲವೂ ಅಷ್ಟನ್ನು ಚೆಲ್ಲಿದ ಮೇಲೆಯೇ ಬಿಸಿನೀರು. 15 ಮಿ.ಮೀ. ಪೈಪಿನಲ್ಲಿ ಅದು ಎರಡು ಲೀಟರಿಗೂ ಕಡಿಮೆ. ಬಿಸಿನೀರಿನ ಟ್ಯಾಂಕನ್ನು ಬಚ್ಚಲಿನ ನೇರ ಮೇಲೆ ಇಡಿ, ಪೈಪಿನ ಮೇಲೆ ರಬ್ಬರ್ ಫೋಮ್ ಕವಚ ತೊಡಿಸಿ. ಗೋಡೆಯೊಳಗೆ ಹೂತ ಪೈಪಿಗೂ ಕವಚ ಬೇಕು. ಪೈಪಿಗಾಗಿ ಗೋಡೆಯಲ್ಲಿ ಕಾಲುವೆ ಕೊರೆಯುವಾಗಲೇ ಕವಚದ ದಪ್ಪ ಸೇರಿಸಿ ಅಗಲ ಹೇಳದಿದ್ದರೆ, ಪ್ಲಂಬರ್ ಅದನ್ನು ಬಿಚ್ಚಿಟ್ಟು ಬರಿ ಪೈಪನ್ನೇ ಒಳಗಿಟ್ಟು ಗಾರೆ ಮುಚ್ಚುತ್ತಾನೆ.