ವಾಹನ ವಿಚಾರ: ನಜ್ಜುಗುಜ್ಜಾದ ಬಾನೆಟ್

ಪ್ರಶ್ನೆ: ನಮ್ಮ ತಂದೆಯವರ ಅಂಬಾಸಿಡರ್‌ಗೆ ಎಮ್ಮೆ ಗುದ್ದಿದರೂ ಬಂಪರ್ ಬಾಗಿರಲಿಲ್ಲ. ಕಳೆದ ವರ್ಷ ನಾನು ಕೊಂಡ ಐದು ಸ್ಟಾರ್ ಕಾರು ರಸ್ತೆ ವಿಭಜಕಕ್ಕೆ ಹೊಡೆದು ಮುಂಭಾಗವೆಲ್ಲ ಮುದ್ದೆಯಾಯಿತು. ನನಗೆ ಏನೂ ಆಗಲಿಲ್ಲ. ಇಂತಹ ತಗಡಿಗೆ ಸ್ಟಾರ್ ಕೊಡುವುದು ಹೇಗೆ?
– ಓದುಗರೊಬ್ಬರು, ತಿಪಟೂರು

ಉತ್ತರ: ‘ನನಗೆ ಏನೂ ಆಗಲಿಲ್ಲ’ ಎಂದು ಮೂರೇ ಪದ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಇಪ್ಪತ್ತೆರಡು ವರ್ಷ ಟಿಂಕರಿಂಗ್ ಮಾಡಿದವನು ನಾನು. ಹಳೆಯ ಗಾಡಿಗಳ ದಪ್ಪ ತಗಡನ್ನು ಗಿರಾಕಿಗಳೆದುರು ಬಾಯ್ತುಂಬ ಹೊಗಳಿದ್ದೇನೆ. ನನ್ನ ಬಾಯಿ ಮುಚ್ಚಿಸಿದ್ದು ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿ ಮಾಡಿದ ಒಂದು ಪರೀಕ್ಷೆ. 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಾಲಿಬು ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಗುದ್ದಿಸಿದರು. ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಹಳೆಯ ಕಾರಿನ ಕ್ಯಾಬಿನ್ ಚಾಲಕನ ಗೊಂಬೆಯ ಮೇಲೆಯೇ ಕುಸಿಯಿತು. ಹೊಸದರ ಮೂತಿ ಪೂರ್ತಿ ಹೋಯಿತು, ಕ್ಯಾಬಿನ್ ಉಳಿಯಿತು.

ಆ ವೇಗದಲ್ಲಿ ಗೋಡೆಗೆ ಗುದ್ದುವುದೂ ಐದಂತಸ್ತಿನ ಕಟ್ಟಡದಿಂದ ಬೀಳುವುದೂ ಹೆಚ್ಚುಕಡಿಮೆ ಒಂದೇ. ಗಾರೆ ಕೆಲಸದಲ್ಲಿ ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲಿನವನು ಹೇಗೆ ಹಿಡಿಯುತ್ತಾನೆ, ನೋಡಿದ್ದೀರಲ್ಲ? ಇಟ್ಟಿಗೆ ಹೋಗುತ್ತಿರುವ ದಿಕ್ಕಿಗೇ ಕೈಯನ್ನೂ ಒಯ್ಯುತ್ತಾನೆ. ಬಾನೆಟ್ ಮಾಡುವುದೂ ಅದನ್ನೇ. ಅದು 60 ಸೆಂ.ಮೀ. ಮಡಚಿ ಕಾರನ್ನು ನಿಲ್ಲಿಸಿದರೆ ಒಳಗಿದ್ದವರ ಮೇಲೆ ಬೀಳುವ ಒತ್ತಡ ಅವರ ತೂಕದ ಸುಮಾರು 27 ಪಟ್ಟು, ಹತ್ತೇ ಸೆಂ.ಮೀ. ಮಡಚಿದರೆ 160 ಪಟ್ಟು. ಮರ್ಸಿಡಿಸ್‌ನ ಎಂಜಿನಿಯರ್ ಬೇಲಾ ಬರೇನಿ ಈ ವಿನ್ಯಾಸದ ಪೇಟೆಂಟಿಗೆ 1951ರಲ್ಲೇ ಅರ್ಜಿ ಹಾಕಿದ್ದರು. ಅದು ರಸ್ತೆಗಿಳಿದದ್ದು ಬೆಲ್ ಏರ್ ತಯಾರಾದ 1959ರಲ್ಲಿಯೇ!

ಇಂತಹ ಪರೀಕ್ಷೆಗಳಲ್ಲಿ ನನಗೆ ಇಷ್ಟವಾದದ್ದು ಬಣ್ಣದ ಉಪಾಯ. ಗುದ್ದಿಸುವ ಮೊದಲು ಗೊಂಬೆಯ ಮುಖಕ್ಕೂ ಮೊಣಕಾಲುಗಳಿಗೂ ಬೇರೆ ಬೇರೆ ಬಣ್ಣ ಬಳಿಯುತ್ತಾರೆ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಮೊಣಕಾಲಿನ ಬಣ್ಣ ಮೆತ್ತಿಕೊಂಡಿದ್ದರೆ, ಆ ಜಾಗದ ಪ್ಲಾಸ್ಟಿಕ್ ಬಿಚ್ಚಿ ನೋಡುತ್ತಾರೆ. ಹಿಂದೆ ಕಬ್ಬಿಣದ ಚೂಪು ಬ್ರಾಕೆಟ್ ಸಿಕ್ಕಿದರೆ ಅದನ್ನು ಸರಿಸಬೇಕು, ಇಲ್ಲವೇ ತಾಗಿದರೆ ಬಾಗುವಂತೆ ಮಾಡಬೇಕು. ಮತ್ತೆ ಹೊಸ ಕಾರು, ಮತ್ತೆ ಬಣ್ಣ, ಮತ್ತೆ ಗುದ್ದು. ಒಂದು ಮೊಣಕಾಲಿನ ಕಲೆಗಾಗಿ ಲಕ್ಷಾಂತರ ರೂಪಾಯಿಯ ಕಾರು ಗುಜರಿಗೆ!

ಕಾರುಗಳನ್ನು ಹೀಗೆ ಗುದ್ದಿಸಿ ನೋಡಿ ಸ್ಟಾರ್ ಕೊಡುವ, ನಮ್ಮಲ್ಲಿ 2023ರ ಅಕ್ಟೋಬರ್‌ನಿಂದ ಇರುವ ಭಾರತ್ ಎನ್‌ಕ್ಯಾಪ್ ಯೋಜನೆಯಲ್ಲೂ ಮುಂಬದಿಯ ಪರೀಕ್ಷೆ 64 ಕಿ.ಮೀ. ವೇಗದ್ದೇ. ಕಾರಿನ ಅಗಲದ ಶೇ 40ರಷ್ಟು ಭಾಗ ಮಾತ್ರ ತಡೆಗೆ ತಾಗುತ್ತದೆ.

ಅಂದ ಹಾಗೆ, ನಿಮ್ಮ ಕಾರಿನ ಮುಂದಿನ ಎರಡು ಉದ್ದ ತೊಲೆಗಳು ಮಡಚಿದ್ದರೆ ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿಸಬೇಡಿ, ಬದಲಾಯಿಸಿ. ಒಮ್ಮೆ ಮಡಚಿದ ಉಕ್ಕು ಎರಡನೆಯ ಸಲ ಲೆಕ್ಕದ ಪ್ರಕಾರ ಮಡಚುವುದಿಲ್ಲ. ಇದನ್ನು ಅರಿಯದೆ ನಾನೇ ಎಷ್ಟು ಗಾಡಿಗಳಿಗೆ ಸುತ್ತಿಗೆ ಹಾಕಿದ್ದೇನೋ.

ಪ್ರಶ್ನೆ: ಕಾರಿಗೆ ಆರು ಏರ್‌ಬ್ಯಾಗ್ ಇವೆ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬಹುದೇ?
– ಗೃಹಿಣಿ, ಶಿರಸಿ

ಉತ್ತರ: ಬೇಡ, ತಾಯಿ. ಮೇಲಿನ ಲೆಕ್ಕವನ್ನೇ ಹಾಕಿ: ಹತ್ತು ಕೆ.ಜಿ. ಮಗುವನ್ನು ಆ ಕ್ಷಣ ಹಿಡಿದು ನಿಲ್ಲಿಸಲು 270 ಕೆ.ಜಿ. ಎತ್ತುವಷ್ಟು ಬಲ ಬೇಕು. ನಿಮ್ಮ ತೋಳಿಗೆ ಐದು ಅಕ್ಕಿಮೂಟೆ ಒಟ್ಟಿಗೆ ಎತ್ತಲು ಸಾಧ್ಯವೇ? ಮಕ್ಕಳ ಸೀಟು ತಂದು ಹಿಂದೆ ಕಟ್ಟಿಸಿ.