ಅವ್ವನ ಫೋನಿಗೆ ಬಂದ ಗಾಯದ ಫೋಟೋ

(ಹೆಸರು, ಊರು, ಕೋರ್ಸು ಎಲ್ಲಾ ಬದಲಾಯಿಸಿದೀನಿ. ಹುಡುಗಿ ಓದಿ ನೋಡಿ ಹೂಂ ಅಂದ್ಮೇಲೇ ಹಾಕ್ತಿರೋದು.)

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೇ ಕಾಲೇಜಿನ ನನ್ನ ಕೌನ್ಸೆಲಿಂಗ್ ರೂಮಿನ ಬಾಗಿಲ ಹತ್ರ ಒಬ್ರು ತಾಯಿ ನಿಂತಿದ್ರು, ಹಾವೇರಿ ಕಡೆಯಿಂದ ರಾತ್ರಿ ಬಸ್ಸಲ್ಲಿ ಬಂದೋರು, ಚಹಾನೂ ಕುಡಿದಿರ್ಲಿಲ್ಲ ಅನ್ಸುತ್ತೆ. ಕೂತ್ಕೊಳ್ಳಿ ಅನ್ನೋ ಮುಂಚೆನೇ ಫೋನ್ ಮುಂದೆ ಹಿಡಿದ್ರು. ಮಣಿಕಟ್ಟಿನ ಮೇಲೆ ಅಡ್ಡಕ್ಕೆ ಸೀಳಿದ ಗಾಯ, ಅಂಚು ಊದಿಕೊಂಡಿದೆ, ಒಳಗಡೆ ಕಪ್ಪುಗೆಂಪು ರಕ್ತ. "ಕೈ ಕೊಯ್ಕೊಂಡಾಳ್ರಿ ಮೇಡಂ, ಕೇಳಿದ್ರ ನಗತಾಳ."

ಮಗಳು, ಪವಿತ್ರ ಅಂತಿಟ್ಕೊಳ್ಳಿ, ಸೆಕೆಂಡ್ ಇಯರ್ ಬಿಕಾಂ, ಹತ್ತೊಂಬತ್ತು ವರ್ಷ, ಪಿಜಿಯಲ್ಲಿದ್ದಾಳೆ. ಅವಳು ಹಿಂದೆನೇ ನಿಂತಿದ್ಲು, ಕೈ ತೋಳು ಮಡಚಿ ತೋರಿಸಿದ್ಲು, ಒಂದು ಗೀರೂ ಇಲ್ಲ. ತಮಾಷೆಗೆ ತಮ್ಮನಿಗೆ ಕಳಿಸಿದ್ಲಂತೆ, ಅವನು ಅವ್ವನ ಫೋನಿಗೆ ದೂಡಿದ, ಅವ್ವ ಬಸ್ ಹತ್ತಿದ್ರು. ಗಾಯ ಪೂರ್ತಿ ಮೇಕಪ್ಪು, ಲಿಕ್ವಿಡ್ ಲೇಟೆಕ್ಸು (ರಬ್ಬರ್ ಹಾಲಿನ ತರದ್ದು), ಟಿಶ್ಯೂ ಪೇಪರು, ಮೇಲೆ ಬಣ್ಣ, ಅಷ್ಟೇ. ಒಪ್ಕೋಬೇಕು, ಚೆನ್ನಾಗಿತ್ತು, ನಾನೇ ಝೂಮ್ ಮಾಡಿ ನೋಡ್ದೆ.

ಇಲ್ಲಿ ನಾನೊಂದು ತಪ್ಪು ಮಾಡ್ದೆ. "ಓ, ಬರೀ ಮೇಕಪ್ಪಾ" ಅಂದೆ, ಉಸಿರು ಬಿಟ್ಟ ಹಾಗೆ. ಆ 'ಬರೀ' ಅನ್ನೋದಕ್ಕೆ ಅವಳ ಮುಖ ಮುಚ್ಕೊಂಡ್ಬಿಡ್ತು, ಮುಂದಿನ ಇಪ್ಪತ್ತು ನಿಮಿಷ ಹೂಂ, ಇಲ್ಲ, ಅಷ್ಟೇ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತೂ ಒಂದು ಪದ ಎಷ್ಟು ತೂಗುತ್ತೆ ಅಂತ ಮತ್ತೆ ಮತ್ತೆ ಕಲೀತಾನೇ ಇರ್ತೀನಿ.

ಅವ್ವನ್ನ ಹೊರಗೆ ಕೂರಿಸಿ, ಕ್ಯಾಂಟೀನಿಂದ ಚಹಾ ತರಿಸಿ ಕೊಟ್ಟು, ಆಮೇಲೆ ಅವಳನ್ನ ನೇರವಾಗೇ ಕೇಳ್ದೆ, ಫೋಟೋದ್ದು ಸುಳ್ಳು ಗಾಯ ಸರಿ, ನಿಜವಾಗ್ಲೂ ಏನಾದ್ರೂ ಮಾಡ್ಕೋಬೇಕು, ಸಾಯಬೇಕು ಅಂತ ಅನ್ಸಿದ್ಯಾ ಅಂತ. ಹೀಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಅಪ್ಪ ಅಮ್ಮಂದಿರು, ಲೆಕ್ಚರರ್‌ಗಳೂ ಹೆದರ್ತಾರೆ, ಹಾಗಾಗಲ್ಲ, ಕೇಳಿದ್ರೆ ಹೇಳೋಕೆ ಜಾಗ ಸಿಗುತ್ತೆ ಅಷ್ಟೇ. ಅವಳು ಸ್ವಲ್ಪ ಹೊತ್ತು ಟೇಬಲ್ ಮೇಲಿನ ಪೆನ್ ಸ್ಟ್ಯಾಂಡ್ ನೋಡ್ತಾ ಇದ್ಲು. "ಸಾಯಬೇಕು ಅಂತೇನಿಲ್ಲ ಮೇಡಂ. ರಾತ್ರಿ ಮಲಗಿದ್ದು ಬೆಳಗ್ಗೆ ಏಳದಿದ್ರೆ ಚೊಲೋ ಇರುತ್ತೆ ಅಂತ ಎರಡು ವಾರದಿಂದ ಅನ್ಸ್ತಿದೆ."

ಅಂದ್ರೆ ಅವ್ವ ಗಾಯದ ವಿಷಯದಲ್ಲಿ ಮೋಸ ಹೋಗಿದ್ರು, ಮಗಳ ವಿಷಯದಲ್ಲಿ ಹೋಗಿರ್ಲಿಲ್ಲ. ಆವತ್ತೇ ಸೇಫ್ಟಿ ಪ್ಲಾನ್ ಬರೆದ್ವಿ, ಆ ಯೋಚನೆ ಜಾಸ್ತಿಯಾದ್ರೆ ರೂಮ್‌ಮೇಟನ್ನ ಎಬ್ಬಿಸೋದು, ನನಗೆ ಮೆಸೇಜ್, ರಾತ್ರಿ ಯಾರೂ ಸಿಗದಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, 24 ಗಂಟೆನೂ ಇರುತ್ತೆ. ಆ ವಾರದಲ್ಲೇ ಮನೋವೈದ್ಯರ ಹತ್ರನೂ ಕಳಿಸ್ದೆ. ಅವಳ ಒಪ್ಪಿಗೆ ತಗೊಂಡು ಅವ್ವನಿಗೂ ಅಷ್ಟು ಮಟ್ಟಿಗೆ ಹೇಳ್ದೆ.

ಎರಡನೇ ಸಲ ಬಂದಾಗ ಕಥೆ ಬಿಚ್ಕೊಳ್ತು. ಪಿಯುಸಿಯಿಂದನೂ ಅವಳಿಗೆ ಇದೇ ಹುಚ್ಚು, ಗಾಯ, ಸುಟ್ಟ ಚರ್ಮ, ಮುದುಕರ ಮುಖ. ಬೆಂಗಳೂರಿಗೆ ಬಂದ್ಮೇಲೆ ಮನೆಗೆ ಹೇಳದೆ ಒಂದು ಪ್ರಾಸ್ಥೆಟಿಕ್ ಮೇಕಪ್ (ನಕಲಿ ಮೂಗು, ಚರ್ಮ ಎರಕ ಹೊಯ್ದು ಮುಖಕ್ಕೆ ಅಂಟಿಸೋದು) ಕೋರ್ಸ್ ಸೇರಿದ್ಲು, ಚಿಕ್ಕಮ್ಮ ಕೊಟ್ಟಿದ್ದ ಸರ ಅಡ ಇಟ್ಟು ಫೀಸು, ಮೆಟೀರಿಯಲ್ಲು ಎಲ್ಲಾ ಸೇರಿ 38,000 ರೂಪಾಯಿ. ಕ್ಲಾಸು ಮಧ್ಯಾಹ್ನ, ಹಾಗಾಗಿ ಕಾಲೇಜಲ್ಲಿ ಅಟೆಂಡೆನ್ಸ್ ಶಾರ್ಟೇಜು. ಅಲ್ಲಿ ಹೇಳ್ಕೊಡೋದು ತೋರಿಸಿ ಮುಗಿಸೋ ತರ, ಇಪ್ಪತ್ತು ಜನ ಸುತ್ತ ನಿಂತು ನೋಡೋದು, ಮನೇಲಿ ಮಾಡ್ಕೊಂಡ್ ಬನ್ನಿ ಅನ್ನೋದು. ಇವಳು ಪಿಜಿ ಬಾತ್‌ರೂಮಲ್ಲಿ ರಾತ್ರಿ ಎರಡು ಗಂಟೆಗೆ ಸಿಲಿಕಾನ್ ಕಲಸ್ತಿದ್ಲು.

ಮೂರು ಸಲ ಎರಕ ಹೊಯ್ದ್ಲು, ಮೂರೂ ಸಲ ಹಾಳಾಯ್ತು. ಅಚ್ಚು ಬಿಚ್ಚಿದ್ರೆ ಮೇಲ್ಮೈ ಅಂಟಂಟು, ಬೆಲ್ಲದ ಪಾಕ ಎಳೆ ಬರದೆ ಉಳಿದ ಹಾಗೆ, ಎಷ್ಟು ದಿನ ಬಿಟ್ರೂ ಗಟ್ಟಿಯಾಗಲ್ಲ. ಅಳತೆ ತಪ್ಪಾ ಅಂತ ಕ್ಲಾಸಲ್ಲಿ ಒಂದೇ ಒಂದ್ಸಲ ಕೇಳಿದ್ಲಂತೆ, ಇಷ್ಟೂ ಗೊತ್ತಿಲ್ವಾ ಅಂತ ನಕ್ಕರಂತೆ. ಅವತ್ತಿಂದ ಬಾಯಿ ಬಿಟ್ಟಿಲ್ಲ. "ನನ್ನ ಕೈಯೇ ಸರಿ ಇಲ್ಲ ಮೇಡಂ, ಸರನೂ ಹೋಯ್ತು, ಡಿಗ್ರಿನೂ ಹೋಗುತ್ತೆ, ಹಾಳು ಮಾಡೋಕೇ ಹುಟ್ಟಿದೀನಿ." ಮಲಗಿದ್ದು ಏಳಬಾರ್ದು ಅನ್ನೋದು ಮೂರನೇ ಎರಕ ಕಸದ ಬುಟ್ಟಿಗೆ ಹಾಕಿದ ರಾತ್ರಿಯಿಂದ ಶುರು.

ನನಗೆ ಸಿಲಿಕಾನ್ ಅಂದ್ರೆ ಕಿಟಕಿ ಸಂದಿಗೆ ಬಡಿಯೋದು ಅಷ್ಟೇ ಗೊತ್ತಿದ್ದಿದ್ದು. ಆದ್ರೆ ಒಂದು ಕೆಲಸ ಮೂರು ಸಲ ಒಂದೇ ತರ ಕೆಡುತ್ತೆ ಅಂದ್ರೆ ಅದು ಕೈಗುಣ ಇರಲ್ಲ, ಏನೋ ಒಂದು ಕಾರಣ ಮೂರು ಸಲನೂ ಹಾಗೇ ಇದೆ ಅಂತ ನನ್ನ ಅಡುಗೆಮನೆ ಬುದ್ಧಿಗೂ ಹೊಳೀತು. ಹೋಮ್‌ವರ್ಕ್ ಕೊಟ್ಟೆ: ಮೂರು ಸಲ ಏನೇನು ಬಳಸಿದೆ, ಗ್ಲೌಸಿಂದ ಹಿಡಿದು ಕಲಸಿದ ಬಟ್ಟಲಿನ ತನಕ ಎಲ್ಲಾ ಬರಿ, ಆ ಹಾಳೆ ಹಿಡ್ಕೊಂಡು ಈ ಕೆಲಸ ಮಾಡಿ ಹೊಟ್ಟೆ ಹೊರೀತಿರೋ ಒಬ್ಬರ ಹತ್ರ ಹೋಗಿ ಒಂದೇ ಪ್ರಶ್ನೆ ಕೇಳು. ಒಂದೇ. ಅವಳಿಗೆ ಎರಕ ಹೊಯ್ಯೋದಕ್ಕಿಂತ ಇದೇ ಕಷ್ಟ ಆಯ್ತು, ಹನ್ನೊಂದು ದಿನ ತಗೊಂಡ್ಲು.

ನಾಟಕಗಳಿಗೆ ಮೇಕಪ್ ಮಾಡೋ ಒಬ್ಬರು ಹಾಳೆ ನೋಡಿ ಎರಡು ನಿಮಿಷದಲ್ಲಿ ಹೇಳಿದ್ರಂತೆ. ಮುಖಕ್ಕೆ ಅಂಟಿಸೋ ತುಂಡುಗಳಿಗೆ ಜಾಸ್ತಿ ಬಳಸೋದು ಪ್ಲಾಟಿನಂ ಸಿಲಿಕಾನು, ಎ ಮತ್ತು ಬಿ ಅಂತ ಎರಡು ಭಾಗ ಬೆರೆಸೋದು. ಅದನ್ನ ಗಟ್ಟಿ ಮಾಡೋ ಪ್ಲಾಟಿನಂಗೆ ಗಂಧಕ, ತವರ ಇಂಥವು ಕಂಡ್ರೆ ಆಗಲ್ಲ. ಗಂಧಕ ಇರೋ ಜೇಡಿ, ಲೇಟೆಕ್ಸ್ ಗ್ಲೌಸು, ಲಿಕ್ವಿಡ್ ಲೇಟೆಕ್ಸ್ ಹಾಕಿದ್ದ ಬಟ್ಟಲು, ತವರ ಇರೋ ಟಿನ್ ಸಿಲಿಕಾನಿನ ಅಚ್ಚು, ಕೆಲವು ತ್ರೀಡಿ ಪ್ರಿಂಟ್ ರೆಸಿನ್ನು, ಇವು ಯಾವುದಾದ್ರೂ ತಾಗಿದ್ರೆ ಸಾಕು, ತಾಗಿದ ಕಡೆ ಗಟ್ಟಿಯಾಗೋದೇ ನಿಂತು ಹೋಗುತ್ತೆ. ಇವಳು ಸ್ಟೇಷನರಿ ಅಂಗಡಿ ಜೇಡಿಯಲ್ಲಿ ಮೂಗು ತಿದ್ದಿ, ಮೆಡಿಕಲ್ ಶಾಪಿನ ಲೇಟೆಕ್ಸ್ ಗ್ಲೌಸ್ ಹಾಕಿ, ಸುಳ್ಳು ಗಾಯಕ್ಕೆ ಲೇಟೆಕ್ಸ್ ಕಲಸಿದ ಅದೇ ಬಟ್ಟಲಲ್ಲಿ ಸಿಲಿಕಾನ್ ಕಲಸಿದ್ಲು. ಅಳತೆ ಮೂರು ಸಲನೂ ಸರಿಯಾಗೇ ಇತ್ತು! ಲೇಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸು, ಗಂಧಕ ಇಲ್ಲದ (ಸಲ್ಫರ್ ಫ್ರೀ) ಜೇಡಿ, ಹೊಸ ಬಟ್ಟಲು, ಹೊಯ್ಯೋ ಮುಂಚೆ ಒಂದು ಚಮಚದಷ್ಟು ಟೆಸ್ಟು, ಇಷ್ಟೇ ಬೇಕಿದ್ದಿದ್ದು.

ಇದನ್ನ ನನಗೆ ಹೇಳೋವಾಗ ಅವಳು ನಗ್ಲಿಲ್ಲ, ಅತ್ಲು, ಸಿಟ್ಟಿಂದ. "ಗ್ಲೌಸಿಗೆ ನಾನು ಎರಡು ವಾರ ನಿದ್ದೆ ಬಿಟ್ನಾ?" ಇದನ್ನೇ ಜೀವನಕ್ಕೊಂದು ಉಪಮೆ ಮಾಡಿ ನಾಲ್ಕು ಮಾತು ಹೇಳೋ ಚಪಲ ನನಗೂ ಬಂತು, ನುಂಗ್ಕೊಂಡೆ. ಸಿಟ್ಟು ಬರ್ಲಿ ಅಂತ ಬಿಟ್ಟೆ, ಅಷ್ಟು ದಿನ ಆ ಸಿಟ್ಟೆಲ್ಲಾ ಅವಳ ಮೇಲೇ ಇತ್ತಲ್ಲ.

ಆಮೇಲಿನ ಭೇಟಿಗಳಲ್ಲಿ ಅವಳೇ ಟೀಚರ್ ಆದ್ಲು. ಸಿಲಿಕಾನೇ ಯಾಕೆ ಅಂದ್ರೆ ಬೆಳಕು ಚರ್ಮದೊಳಗೆ ಸ್ವಲ್ಪ ಇಳಿದು ಹೊರಗೆ ಬರುತ್ತೆ, ಸಿಲಿಕಾನಲ್ಲೂ ಹಾಗೇ, ಸ್ಪಂಜಿನ ತರದ ಫೋಮ್ ಲೇಟೆಕ್ಸಲ್ಲಿ ಆಗಲ್ಲ, ಅದಕ್ಕೆ ಬರೀ ಮೇಲಿನ ಬಣ್ಣವೇ ಗತಿ. ಡಿಕ್ ಸ್ಮಿತ್ ಅಂತ ಅಮೆರಿಕದ ಮೇಕಪ್ ಮಾಂತ್ರಿಕ, ಮುದುಕನ ಮುಖವನ್ನ ಒಂದೇ ಮುಖವಾಡ ಮಾಡದೆ ತುಂಡು ತುಂಡಾಗಿ ಒಂದರ ಮೇಲೊಂದು ಕೂರಿಸಿ ನಟನ ಮುಖದ ಭಾವ ಕಾಣೋ ಹಾಗೆ ಮಾಡಿದವರು, ಬೇರೆಯವರು ಫಾರ್ಮುಲಾ ಬಚ್ಚಿಡೋ ಕಾಲದಲ್ಲಿ ಕಾಗದ ಬರೆದ ಹುಡುಗರಿಗೆಲ್ಲ ಹೇಳ್ಕೊಡ್ತಿದ್ರಂತೆ. ಹಾಗೆ ಕಾಗದ ಬರೆದ ಹುಡುಗ ರಿಕ್ ಬೇಕರ್, ಮುಂದೆ ಮೇಕಪ್ಪಿಗೆ ಅಂತಲೇ ಪ್ರತಿ ವರ್ಷ ಕೊಡೋ ಆಸ್ಕರ್ ವಿಭಾಗ ಶುರುವಾದಾಗ ಮೊದಲನೇದು ಅವನಿಗೇ ಬಂತು. "ನಮ್ಮ ಕ್ಲಾಸಲ್ಲಿ ಪ್ರಶ್ನೆ ಕೇಳಿದ್ರೆ ನಗ್ತಾರೆ" ಅಂತ ಇದನ್ನ ಹೇಳಿ ಮುಗಿಸಿದ್ಲು.

ಅಪ್ಪಾಜಿ ಬಂದಿದ್ದು ಮುಂದಿನ ತಿಂಗಳು. ಗೊಬ್ಬರದ ಅಂಗಡಿ, ಮಾತು ಕಮ್ಮಿ. "ಬ್ಯೂಟಿ ಪಾರ್ಲರ್ ಕೆಲಸಕ್ಕ ಬೆಂಗಳೂರಿಗೆ ಕಳಸಬೇಕಿತ್ತೇನ್ರಿ?" ಕಮಲ್ ಹಾಸನ್ ಮುದುಕ ಆಗಿದ್ದ 1996ರ ಸಿನಿಮಾ ನೋಡಿದೀರಾ ಅಂತ ಕೇಳ್ದೆ. ಹುಬ್ಬಳ್ಳಿಯಲ್ಲಿ ಹಿಂದಿಯಲ್ಲಿ ನೋಡಿದ್ರಂತೆ, ಹಿಂದೂಸ್ತಾನಿ. ಆ ಮುಖ ಮಾಡೋಕೆ ಅಮೆರಿಕದ ಮೇಕಪ್ ಕಲಾವಿದ ಮೈಕೆಲ್ ವೆಸ್ಟ್‌ಮೋರೇ ಬೇಕಾಯ್ತು, 2009ರಲ್ಲಿ ಪಾ ಸಿನಿಮಾಕ್ಕೆ ಅಮಿತಾಭ್ ಮುಖಕ್ಕೂ ಹೊರಗಿನೋರೇ, ಈಗ ನಮ್ಮೋರೂ ಮಾಡ್ತಿದಾರೆ ಅಂತ ಮಗಳು ಪಟಪಟ ಹೇಳಿದ್ಲು. ನಾನು ಪುತ್ತೂರು ಕಡೆಯವಳು, ಚಿಕ್ಕವಳಿದ್ದಾಗ ಯಕ್ಷಗಾನದ ಚೌಕಿಗೆ (ವೇಷ ಕಟ್ಟೋ ಜಾಗ) ನುಗ್ಗಿ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡೋದನ್ನ ನೋಡ್ತಾ ಕೂತವಳು, ಗಂಟೆಗಟ್ಟಲೆ ಕನ್ನಡಿ ಮುಂದೆ, ಮುಖ ಮುಳ್ಳುಮುಳ್ಳಾಗಿ ರಾಕ್ಷಸ ಎದ್ದು ಬರೋದು, ಅದನ್ನ ಯಾರೂ ಪಾರ್ಲರ್ ಅನ್ನಲ್ಲ ಅಂದೆ. ಅಪ್ಪಾಜಿ ಒಪ್ಪಿದ್ರು ಅಂತ ಹೇಳಲ್ಲ. "ಸರ ಎಲ್ಲಿ ಅಡ ಇಟ್ಟೀ?" ಅಂತ ಕೇಳಿದ್ರು ಅಷ್ಟೇ. ಆ ಪ್ರಶ್ನೆಗೆ ಅವಳು ನಿಜ ಹೇಳಿದ್ದೇ ನನಗೆ ಆವತ್ತಿನ ಲಾಭ.

ಕೊಟ್ಟ ಸಲಹೆ ಇಷ್ಟು, ಒಂದೇ ದಿನ ಅಲ್ಲ, ಐದು ತಿಂಗಳಲ್ಲಿ.

ಡಿಗ್ರಿ ಬಿಡೋದು ಬೇಡ, 75 ಪರ್ಸೆಂಟ್ ಅಟೆಂಡೆನ್ಸ್ ಮುಟ್ಟಿಸೋದು ಮೊದಲು, ಕೋರ್ಸನ್ನ ವೀಕೆಂಡ್ ಬ್ಯಾಚಿಗೆ ಹಾಕಿಸ್ಕೊ, ಆಗಲ್ಲ ಅಂದ್ರೆ ಉಳಿದ ಫೀಸು ವಾಪಸ್ ಕೇಳು, ಬರವಣಿಗೆಯಲ್ಲಿ ಕೇಳು. ಮುಂದೆ ಎಲ್ಲೇ ಸೇರೋದಾದ್ರೂ ನಿನ್ನ ಕೈಯಾರೆ ಎಷ್ಟು ತುಂಡು ಮಾಡಿಸ್ತಾರೆ ಅಂತ ಕೇಳು, ಸರ್ಟಿಫಿಕೇಟ್ ಬಗ್ಗೆ ಆಮೇಲೆ, ಈ ಕೆಲಸಕ್ಕೆ ಕರೆಯೋರು ನೋಡೋದು ಮಾಡಿದ ಕೆಲಸದ ಫೋಟೋನ.

ಮೂರು ತಿಂಗಳು ಸಿಲಿಕಾನ್ ಮುಟ್ಟಬೇಡ, ಜೆಲಾಟಿನಲ್ಲಿ ಕಲಿ, ಕಮ್ಮಿ ಖರ್ಚು, ಕೆಟ್ರೆ ಕರಗಿಸಿ ಮತ್ತೆ ಹೊಯ್ಬಹುದು. (ಇದು ಆ ನಾಟಕದ ಮೇಕಪ್ಪಿನವರ ಮಾತು, ನಾನು ಎರವಲು ತಗೊಂಡೆ. ಅದನ್ನ ಯಾತರಿಂದ ಮಾಡ್ತಾರೆ ಅಂತ ಅವ್ವ ಕೇಳಿದ್ರು, ಪ್ರಾಣಿಗಳ ಚರ್ಮ, ಮೂಳೆ ಅಂತ ಗೊತ್ತಾಗಿ ರಜಾಕ್ಕೆ ಬಂದಾಗ ಮನೆ ಒಲೆ ಮೇಲೆ ಇಡಂಗಿಲ್ಲ ಅಂದ್ರು. ಹಳೇ ಇಂಡಕ್ಷನ್ ಒಲೆ ಒಂದನ್ನ ಹಿತ್ತಲಿಗೆ ಹಾಕೋದು ಅಂತ ತೀರ್ಮಾನ ಆಯ್ತು.)

ಪಿಜಿ ಬಾತ್‌ರೂಮ್ ಬೇಡವೇ ಬೇಡ. ಅಸಿಟೋನು, ಸ್ಪಿರಿಟು ಎಲ್ಲಾ ಬೆಂಕಿ ಹತ್ತೋ ವಸ್ತು, ಕಿಟಕಿ ಇಲ್ಲದ ರೂಮು, ಪಕ್ಕದಲ್ಲೇ ಊದಿನಕಡ್ಡಿ. ಕೆನ್ನೆ ಮೇಲೆ ಅವಳಿಗೆ ಒಂದು ನಿಜವಾದ ಗಾಯನೂ ಇತ್ತು, ಅದನ್ನ ಫೌಂಡೇಶನ್ ಹಾಕಿ ಮುಚ್ಚಿದ್ಲು, ಅಂಟಿಸಿದ ತುಂಡನ್ನ ರಿಮೂವರ್ ಇಲ್ಲದೆ ಕಿತ್ತು ಚರ್ಮ ಸುಲಿದಿತ್ತು, ಚರ್ಮದ ಡಾಕ್ಟರ ಹತ್ರ ಕಳಿಸ್ದೆ. ಹೊಸ ಅಂಟು ಯಾವುದಿದ್ರೂ ಮೊದಲು ತೋಳಿನ ಒಳಗೆ ಚೂರು ಹಚ್ಚಿ ಒಂದು ದಿನ ಕಾಯಿ, ಬೇರೆಯವರ ಮುಖ ಆದ್ರಂತೂ ಕಡ್ಡಾಯ. ಮುಖದ ಅಚ್ಚು ಒಬ್ಬಳೇ ಇದ್ದಾಗ ತೆಗೀಬೇಡ, ಪಿಒಪಿ (ಪ್ಲಾಸ್ಟರ್) ಹಿಟ್ಟು ಕಲಸಿ ನೇರ ಮೈಗೆ ಯಾವತ್ತೂ ಬೇಡ, ಗಟ್ಟಿಯಾಗ್ತಾ ಸುಡೋ ಹಾಗೆ ಬಿಸಿಯಾಗುತ್ತೆ. 2007ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಹದಿನಾರರ ಹುಡುಗಿ ಅಚ್ಚು ತೆಗೆಯೋಕೆ ಅಂತ ಬಕೆಟ್ ಪ್ಲಾಸ್ಟರಲ್ಲಿ ಕೈ ಇಟ್ಟು ಬೆರಳು ಕಳ್ಕೊಂಡ್ಲು. ಮೈ ಮೇಲೆ ಮೊದಲು ಆಲ್ಜಿನೇಟ್ (ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸೋದು) ಹಚ್ಚಿ, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಬೇಕು, ಮೂಗಿನ ಹೊಳ್ಳೆ ಮುಚ್ಚದ ಹಾಗೆ ನೋಡ್ಕೊಳ್ಳೋಕೇ ಒಬ್ರು ಬೇಕು.

ಮಣಿಕಟ್ಟು ಕೊಯ್ದ ಗಾಯ ಸದ್ಯಕ್ಕೆ ಬೇಡ ಅಂತನೂ ಒಪ್ಪಂದ ಆಯ್ತು, ಇದಕ್ಕೆ ಅವಳು ಜಗಳ ಆಡಿದ್ಲು, ಕಲೆಗೆ ಸೆನ್ಸಾರ್ ಮಾಡ್ತೀರಾ ಅಂದ್ಲು. ನಿನ್ನ ಮನಸ್ಸು ಈಗ ಎಲ್ಲಿದೆ ಅಂತ ನಮ್ಮಿಬ್ಬರಿಗೂ ಗೊತ್ತು, ಅದಕ್ಕೆ ಅಂದೆ, ಸುಟ್ಟ ಗಾಯ ಮಾಡು, ಮುರಿದ ಮೂಗು ಮಾಡು. ಯಾವ ಫೋಟೋ ಕಳಿಸಿದ್ರೂ ಮೇಕಪ್ ಹಚ್ಚೋ ಮುಂಚಿನ ಫೋಟೋ ಜೊತೆಗೇ ಕಳಿಸೋದು. ಅವ್ವನಿಗೆ ಹೇಳಿದ್ದು: ಕದ್ದು ಫೋನ್ ನೋಡಬೇಡಿ, ಅನುಮಾನ ಬಂದ್ರೆ ಮೊನ್ನೆ ಮಾಡಿದ ಹಾಗೆ ನೇರವಾಗಿ ಬನ್ನಿ, ನೀವು ಬಂದಿದ್ದು ಸರಿ ಇತ್ತು.

ಈಗಿನ ಸ್ಥಿತಿ. ನಿದ್ದೆ ಸುಧಾರಿಸಿದೆ, ಆ ಯೋಚನೆ ಬರದೆ ಏಳು ವಾರ ಆಯ್ತು ಅಂತಾಳೆ, ಮನೋವೈದ್ಯರ ಫಾಲೋಅಪ್ ಇನ್ನೂ ಇದೆ. ಒಂದು ಪೇಪರ್ ಬ್ಯಾಕ್ ಉಳಿದಿದೆ. ಕಾಲೇಜಿನ ಪ್ರಥಮ ಚಿಕಿತ್ಸೆ ತರಬೇತಿಗೆ ಎನ್ನೆಸ್ಸೆಸ್‌ನವರ ಕೈಕಾಲಿಗೆ ಜೆಲಾಟಿನ್ ಗಾಯ ಮಾಡಿಕೊಟ್ಲು, ಒಬ್ಬ ಹುಡುಗ ನೋಡಿ ತಲೆ ಸುತ್ತಿ ಕೂತ. ಸರ ಇನ್ನೂ ಅಡದಲ್ಲೇ ಇದೆ, ಅಪ್ಪಾಜಿ ಬಡ್ಡಿ ಕಟ್ಟಿದಾರೆ, ಅಸಲು ಅವಳು ತೀರಿಸಬೇಕು ಅಂತ ಮಾತು.

ಹೋದ ವಾರ ಟಿಫಿನ್ ಬಾಕ್ಸಲ್ಲಿ ಏನೋ ತಂದು ಟೇಬಲ್ ಮೇಲಿಟ್ಲು. ಸಿಲಿಕಾನ್ ಮೂಗು, ಗಟ್ಟಿಯಾಗಿದೆ, ಎಲ್ಲೂ ಅಂಟಿಲ್ಲ. ನಾನು ಚೆನ್ನಾಗಿದೆ ಅನ್ನೋ ಮುಂಚೆನೇ ಉಗುರಲ್ಲಿ ಅಂಚು ಎತ್ತಿ ತೋರಿಸಿದ್ಲು, "ಇಲ್ಲಿ ದಪ್ಪ ಆಗಿದೆ ನೋಡಿ ಮೇಡಂ, ಹಚ್ಚಿದ್ರೆ ಗೆರೆ ಕಾಣುತ್ತೆ. ಯಾಕಂತ ಶನಿವಾರ ಅವರನ್ನ ಕೇಳ್ತೀನಿ."